ಎರಡು ಸ್ಕ್ರೂಗಳ ನಡುವಿನ ಚುಕ್ಕಿ

ಮಾರ್ಚ್ 3, ಸೋಮವಾರ

ಇವತ್ತಿನಿಂದ ದಿನಚರಿ. ಕೆಲಸದಲ್ಲಿದ್ದಾಗ ತಪಾಸಣೆಯ ಪುಸ್ತಕವಿತ್ತು. ದಿನಾಂಕ, ಅಂಗಡಿ, ತಕ್ಕಡಿಯ ಸ್ಥಿತಿ, ಸಿಕ್ಕಿಬಿದ್ದವನ ಹೇಳಿಕೆ, ಎಲ್ಲ ಅದರಲ್ಲಿ ಬರೆಯುತ್ತಿದ್ದೆ. ತೂಕ ಮತ್ತು ಅಳತೆ ಇಲಾಖೆಯಿಂದ ನಿವೃತ್ತನಾಗಿ ಹದಿನಾಲ್ಕು ತಿಂಗಳಾಯಿತು. ಅಲ್ಲಿಂದೀಚೆಗೆ ಬರೆದಿಡುವಂಥದ್ದು ಏನೂ ನಡೆದಿರಲಿಲ್ಲ. ಇವತ್ತು ನಡೆಯಿತು.

ಬೆಳಿಗ್ಗೆ ಬ್ರೆಡ್ಡಿಗೆ ಬೆಣ್ಣೆ ಸವರುತ್ತಾ ಅಕ್ಕ, ಪೇಪರಿನವನು ಇನ್ನೂ ಬಂದಿಲ್ಲ ಎನ್ನುವಷ್ಟು ಸಲೀಸಾಗಿ ಹೇಳಿದಳು. "ನಾನು ಮದುವೆ ಆಗ್ತಿದ್ದೀನಿ ಕಣೋ."

ಅಕ್ಕನಿಗೆ ಅರವತ್ತೆರಡು. ಮೂವತ್ತಕ್ಕೇ ಗಂಡ ಹೋದ. ಇಪ್ಪತ್ತೆರಡು ವರ್ಷದಿಂದ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ.

"ಯಾರನ್ನ?"

"ಕ್ಯಾಮೆರಾ ರಿಪೇರಿ ಮಾಡ್ತಾರೆ. ಅರವತ್ನಾಲ್ಕು."

"ಎಷ್ಟು ದಿನದಿಂದ ಗೊತ್ತು?"

"ಇಪ್ಪತ್ತು ವರ್ಷ."

ಅಕ್ಕ ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸದಲ್ಲಿದ್ದಳು. ಫಿಲ್ಮ್ ತೊಳೆಯುವ ಯಂತ್ರ ಕೈಕೊಟ್ಟಾಗಲೆಲ್ಲ ಅದನ್ನು ಸರಿಮಾಡಲು ಬರುತ್ತಿದ್ದವನು ಇವನೇ ಅಂತೆ. ಇಪ್ಪತ್ತು ವರ್ಷ ಒಬ್ಬ ಮನುಷ್ಯ ನಮ್ಮ ಮನೆಯ ಮಾತಿನಲ್ಲಿ ಒಮ್ಮೆಯೂ ಸುಳಿಯಲಿಲ್ಲ ಎಂದರೆ, ಬಚ್ಚಿಡುವಂಥದ್ದು ಏನೋ ಇದೆ.

"ಏಪ್ರಿಲ್ ಹನ್ನೊಂದಕ್ಕೆ ನೋಂದಣಿ. ಸಾಕ್ಷಿಗೆ ಇಬ್ರು ಬೇಕು. ಒಬ್ಳು ನನ್ನ ಜೊತೆ ಇದ್ದ ನರ್ಸು. ಇನ್ನೊಬ್ಬ ನೀನು."

"ಪರೀಕ್ಷೆ ಮಾಡದೆ ಯಾವುದಕ್ಕೂ ಸಹಿ ಹಾಕಿದವನಲ್ಲ ನಾನು."

"ಗೊತ್ತು. ಅದಕ್ಕೇ ನಿನಗೆ ಮದುವೆ ಆಗ್ಲಿಲ್ಲ."

ಆಮೇಲೆ ತಟ್ಟೆ ತೊಳೆಯುತ್ತಾ, ನನ್ನ ಕಡೆ ತಿರುಗದೆ ಅಂದಳು. "ಒತ್ತಾಯ ಇಲ್ಲ. ಆದ್ರೆ ನೀನು ಸಹಿ ಹಾಕದೆ ಇದ್ರೆ ಆ ಕಚೇರಿ ಮೆಟ್ಟಿಲು ನಾನೂ ಹತ್ತಲ್ಲ. ಭಾನುವಾರ ಬಾ, ಪರಿಚಯ ಮಾಡಿಸ್ತೀನಿ."

ಬರುವುದಿಲ್ಲ ಎಂದೆ. ಮೊದಲೇ ಹೇಳಿಕಳಿಸಿ ತಪಾಸಣೆಗೆ ಹೋದರೆ ಎಲ್ಲ ತಕ್ಕಡಿಯೂ ನೆಟ್ಟಗೇ ಇರುತ್ತದೆ.

ಮಾರ್ಚ್ 5, ಬುಧವಾರ

ಗಿರಾಕಿಯ ವೇಷದಲ್ಲಿ ಹೋದೆ. ಊರಲ್ಲಿ ಕ್ಯಾಮೆರಾ ರಿಪೇರಿಯ ಅಂಗಡಿ ಇರುವುದು ಒಂದೇ, ಹಳೇ ಅಂಚೆ ಕಚೇರಿಯ ಹಿಂದಿನ ಓಣಿಯಲ್ಲಿ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಅಗಲ. ಹೊರಗೆ ಬೋರ್ಡಿಲ್ಲ, ಬರೆದುಕೊಂಡೆ. ಗೋಡೆಯ ಗಡಿಯಾರ ಐದು ನಿಮಿಷ ಮುಂದಿದೆ, ಅದನ್ನೂ ಬರೆದುಕೊಂಡೆ. ಹಸಿರು ಬಟ್ಟೆ ಹಾಸಿದ ಮೇಜಿನ ಹಿಂದೆ ಅವನು ಕೂತಿದ್ದ. ತೆಳ್ಳಗಿನ ಆಳು, ಹಣೆಗೆ ಕಟ್ಟಿದ ಭೂತಗನ್ನಡಿ, ಅಂಗಿಯ ಜೇಬಿನಲ್ಲಿ ನಾಲ್ಕು ಸಣ್ಣ ಸ್ಕ್ರೂಡ್ರೈವರು. ಗಿರಾಕಿ ಬಂದರೂ ಏಳಲಿಲ್ಲ.

"ಏನ್ ಬೇಕಿತ್ತು ಸಾರ್?"

"ಕ್ಯಾಮೆರಾ. ರೀಲು ಹಾಕೋದು. ಎಲ್ಲ ಕೈಯಲ್ಲೇ ತಿರುಗಿಸೋದು."

"ಯಾಕೆ?"

ಯಾಕೆ ಎಂದು ಗಿರಾಕಿಯನ್ನು ಕೇಳುವ ವ್ಯಾಪಾರಿಯನ್ನು ನಾನು ಕಂಡಿರಲಿಲ್ಲ. ನಿವೃತ್ತನಾಗಿದ್ದೇನೆ, ಹೊತ್ತು ಹೋಗಬೇಕಲ್ಲ ಎಂದೆ.

"ಹೊತ್ತು ಹೋಗೋಕೆ ಫೋನೇ ಸಾಕು ಸಾರ್. ಇದು ಹೊತ್ತು ಕಳೆಯಲ್ಲ, ತಿನ್ನುತ್ತೆ. ಏನ್ ಫೋಟೋ ತೆಗೀಬೇಕು ಅಂತ ಯೋಚ್ನೆ ಮಾಡ್ಕೊಂಡು ಬನ್ನಿ. ಇವತ್ತು ನಾನೇನೂ ಮಾರಲ್ಲ."

ಈ ಉಪಾಯ ನನಗೆ ಹೊಸದಲ್ಲ. ಮಾಲು ಇಲ್ಲ, ನಾಳೆ ಬನ್ನಿ ಎನ್ನುವವನ ಅಂಗಡಿಗೇ ಜನ ಮರುದಿನ ಮುಗಿಬೀಳುವುದು. ಪಕ್ಕಾ ಆಸಾಮಿ.

ಮಾರ್ಚ್ 7, ಶುಕ್ರವಾರ

ಮತ್ತೆ ಹೋದೆ. ಏನು ಫೋಟೋ ಎಂದು ಕೇಳಿದ. ತಯಾರಾಗಿರಲಿಲ್ಲ, ಬಾಯಿಗೆ ಬಂದದ್ದು ಹೇಳಿದೆ. "ಅಂಗಡಿ ಬೋರ್ಡುಗಳು. ಗೋಡೆಗಳು. ಮನೇಲಿ ಒಬ್ರು ಇದ್ದಾರೆ, ಅವ್ರು."

"ಹಾಗಾದ್ರೆ ಮೊದ್ಲು ಲೆನ್ಸ್ ಯೋಚ್ನೆ ಮಾಡೋಣ, ಬಾಡಿ ಆಮೇಲೆ. ಲೆನ್ಸೇ ಸಾರ್ ನೋಡೋದು. ಬಾಡಿ ಅಂದ್ರೆ ಕತ್ತಲೆ ತುಂಬಿದ ಡಬ್ಬಿ."

ಮೂರು ಬಾಡಿ ತಂದು ಹಸಿರು ಬಟ್ಟೆಯ ಮೇಲಿಟ್ಟ. ಒಂದು ಹೊಳೆಹೊಳೆಯುತ್ತಿತ್ತು, ಬೆಲೆಯೂ ಹೆಚ್ಚು. ನಾನು ಬೇಕೆಂದೇ ಅದನ್ನೆತ್ತಿಕೊಂಡೆ. ಕೊಟ್ಟುಬಿಡುತ್ತಾನೆ ಎಂದುಕೊಂಡರೆ ಕೈಯಿಂದ ವಾಪಸ್ ತೆಗೆದುಕೊಂಡ.

"ಇದು ಬೇಡ. ಇದರ ಬಾಯಂಚಲ್ಲಿ ಈ ಸಣ್ಣ ನಾಲಿಗೆ ಇದೆ ನೋಡಿ. ನಾನು ನಿಮಗೆ ಕೊಡೋದು ಹಳೇ ಕಾಲದ ಲೆನ್ಸು. ಅದನ್ನ ಇದಕ್ಕೆ ಹಾಕಿ ತಿರುಗಿಸಿದ್ರೆ ಈ ನಾಲಿಗೆ ಪಟ್ ಅಂತ ಮುರಿಯುತ್ತೆ. ಈ ಹಳೇದು ನೋಡಿ, ನಾಲಿಗೆ ಮೇಲಕ್ಕೆ ಮಡಚಿಕೊಳ್ಳುತ್ತೆ. ಮುದುಕ ಲೆನ್ಸಿಗೆ ಜಾಗ ಬಿಟ್ಟುಕೊಡುತ್ತೆ."

"ಹೊಸ ಲೆನ್ಸೇ ಕೊಡಿ ಹಾಗಾದ್ರೆ."

"ಕೊಡ್ಬಹುದು. ಹಣ ಜಾಸ್ತಿ, ಸುಖ ಕಮ್ಮಿ."

ಅವನು ತೋರಿಸಿದ ಹಳೇ ಬಾಡಿಗೆ ಒಂದು ಮೂಲೆಯಲ್ಲಿ ತಗ್ಗು ಬಿದ್ದಿತ್ತು. ಬ್ಯಾಟರಿ ಇಲ್ಲದೆಯೂ ನಡೆಯುತ್ತದಂತೆ. ಬೆರಳೊತ್ತಿದೆ. ಖಟ್ ಎಂದಿತು, ಹೊಸ ತಕ್ಕಡಿಯ ತಟ್ಟೆ ಕೂತ ಹಾಗಿನ ಸದ್ದು. ಎರಡು ಸಲ ಒತ್ತಿದೆ. ಮೂರನೆಯದು ಒತ್ತಿದ್ದು ತಪಾಸಣೆಗಲ್ಲ.

ಮಾರ್ಚ್ 8, ಶನಿವಾರ

ಅಕ್ಕ ಬಟ್ಟೆ ಒಣಗಿಹಾಕುತ್ತಾ ಗುನುಗುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ಇವಳು ಗುನುಗಿದ್ದು ಕೇಳಿಲ್ಲ. ಅಥವಾ ನಾನು ಆಫೀಸಿನಲ್ಲಿರುತ್ತಿದ್ದೆನೋ.

ಮಾರ್ಚ್ 11, ಮಂಗಳವಾರ

ಕೊಂಡೆ. ಬಾಡಿ, ಲೆನ್ಸು, ಎರಡು ರೀಲು.

ಲೆನ್ಸ್ ಆರಿಸಲು ಒಂದೂವರೆ ಗಂಟೆ ಹಿಡಿಯಿತು. ಒಂದೇ ನಮೂನೆಯವು ಮೂರು. ಅವನು ಟಾರ್ಚನ್ನು ಓರೆಯಾಗಿ ಹಿಡಿದು ಮೊದಲನೆಯದರ ಒಳಗೆ ತೋರಿಸಿದ. ಗಾಜಿನ ಮೇಲೆ ಕೂದಲೆಳೆಯಂಥ ಬೂಷ್ಟು. "ಇದು ಹಬ್ಬುತ್ತೆ. ಪಕ್ಕದ ಲೆನ್ಸಿಗೂ ಹೋಗುತ್ತೆ." ಎರಡನೆಯದರಲ್ಲಿ ಬೆಳಕು ಬಿಡುವ ಕಿಂಡಿಯ ಎಲೆಗಳಿಗೆ ಎಣ್ಣೆ ಹತ್ತಿತ್ತು. "ಇದು ಸೋಮಾರಿ. ಮುಚ್ಚೋ ಅಂದ್ರೆ ಆಮೇಲೆ ಅನ್ನುತ್ತೆ." ಮೂರನೆಯದು ಶುದ್ಧವಾಗಿತ್ತು. ಅದನ್ನೇ ತೆಗೆದುಕೊಂಡೆ.

ಆಮೇಲೆ ಅವನು ಮಾಡಿದ್ದು ನನ್ನ ತಲೆಗೆ ಹುಳ ಬಿಟ್ಟಿದೆ. ಬಾಡಿಯನ್ನು ಒಂದು ಯಂತ್ರದ ಮುಂದಿಟ್ಟು, ಒಳಗಿನ ಪರದೆ ತೆರೆದು ಮುಚ್ಚುವ ಒಂದೊಂದು ವೇಗಕ್ಕೂ ಗುಂಡಿ ಒತ್ತಿ, ನಿಜವಾದ ವೇಗವನ್ನು ಚೀಟಿಯ ಮೇಲೆ ಬರೆದುಕೊಟ್ಟ. "ಮೇಲೆ ಬರೆದಿರೋದು ಸಾವಿರ, ಅಂದ್ರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. ಓಡೋದು ಏಳುನೂರು. ಐನೂರು ಅಂದಿರೋದು ನಾನೂರ ಇಪ್ಪತ್ತು. ಕೆಳಗಿನದೆಲ್ಲ ಸರಿ ಇದೆ. ಲೆಕ್ಕದಲ್ಲಿಟ್ಕೊಳ್ಳಿ."

ಮೂವತ್ತೊಂದು ವರ್ಷ ಸಂತೆ, ಪೇಟೆ, ಗೋದಾಮು ಸುತ್ತಿದ್ದೇನೆ. ತಕ್ಕಡಿಯ ತಟ್ಟೆಯಡಿ ಮೇಣ ಮೆತ್ತಿದವನನ್ನು, ಅಯಸ್ಕಾಂತ ಇಟ್ಟವನನ್ನು, ಬಟ್ಟೆ ಅಳೆಯುವ ಕೋಲಿನ ತುದಿ ಉಜ್ಜಿದವನನ್ನು ಹಿಡಿದಿದ್ದೇನೆ. ತನ್ನ ಅಳತೆ ಇಷ್ಟು ತಪ್ಪು ಎಂದು ತಾನೇ ಬರೆದು ಕೈಗಿಟ್ಟವನನ್ನು ಒಮ್ಮೆಯೂ ಕಂಡಿಲ್ಲ. ಸಣ್ಣ ತಪ್ಪು ಒಪ್ಪಿಕೊಳ್ಳುವವನು ದೊಡ್ಡದನ್ನು ಬಚ್ಚಿಡುತ್ತಾನೆ. ಅದನ್ನು ಹುಡುಕಬೇಕು.

ಮಾರ್ಚ್ 12, ಬುಧವಾರ

ಹೊಳೆಯಿತು. ರಿಪೇರಿಯವರ ದೊಡ್ಡ ಕಳ್ಳತನ ಮಾರಾಟದಲ್ಲಲ್ಲ, ರಿಪೇರಿಯಲ್ಲಿ. ಒಳ್ಳೆಯದನ್ನು ಒಳಗಿಟ್ಟುಕೊಂಡು ಅಂಥದೇ ಕೆಟ್ಟದ್ದನ್ನು ವಾಪಸ್ ಕೊಡುತ್ತಾರೆ.

ಲೆನ್ಸಿನ ಕಿಂಡಿ ತಿರುಗಿಸುವ ಉಂಗುರ ಸ್ವಲ್ಪ ಬಿಗಿ ಇದೆ. ಅದೇ ನೆಪ ಸಾಕು. ಅಕ್ಕ ಮಲಗಿದ್ದಳು, ಮಧ್ಯಾಹ್ನ ಮೂರು ಗಂಟೆ. ಅಡುಗೆಮನೆಯ ಮೇಜಿನ ಮೇಲೆ ಟವೆಲ್ ಹಾಸಿ, ಲೆನ್ಸನ್ನು ಮಗುಚಿಟ್ಟು, ಅದು ಬಾಡಿಗೆ ಕೂರುವ ಲೋಹದ ಉಂಗುರದ ಮೇಲೆ, ಎರಡು ಸ್ಕ್ರೂಗಳ ನಡುವೆ, ನನ್ನ ಹಳೇ ಸೆಂಟರ್ ಪಂಚಿನ ಉಕ್ಕಿನ ಮೊನೆ ಊರಿ, ಸುತ್ತಿಗೆಯಿಂದ ಒಂದು ಚುಕ್ಕಿ ಹೊಡೆದೆ. ಸಾಸಿವೆ ಕಾಳಿಗಿಂತ ಚಿಕ್ಕದು. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದ್ದು.

ಗುರುತು ಹಾಕುವುದು ನನ್ನ ಕೈಗೆ ಅಂಟಿದ ಚಟ. ನನ್ನ ಲೋಟದ ತಳಕ್ಕೆ, ಛತ್ರಿಯ ಹಿಡಿಗೆ, ಬೀಗದ ಕೈಗೆ, ಎಲ್ಲಕ್ಕೂ ಚುಕ್ಕಿ ಇದೆ. ಸದ್ದು ಕೇಳಿ ಅಕ್ಕ ಎದ್ದು ಬಂದಳು. ಲೆನ್ಸನ್ನು ಟವೆಲ್ಲಿನಲ್ಲಿ ಸುತ್ತಿಬಿಟ್ಟೆ.

"ಏನೋ ಕುಟ್ಟಿದೆ?"

"ಬೀಗ."

"ನನ್ನ ಬೆನ್ನ ಮೇಲೂ ಒಂದು ಚುಕ್ಕಿ ಹೊಡೆದುಬಿಡು ಇನ್‌ಸ್ಪೆಕ್ಟ್ರೇ. ಕಳೆದುಹೋದ್ರೆ ಹುಡುಕೋಕೆ ಸುಲಭ."

ನಕ್ಕಳು. ನಾನು ನಗಲಿಲ್ಲ. ಸಂಜೆ ಲೆನ್ಸನ್ನು ಅಂಗಡಿಗೆ ಕೊಟ್ಟು ಬಂದೆ.

ಮಾರ್ಚ್ 15, ಶನಿವಾರ

ಲೆನ್ಸ್ ವಾಪಸ್ ಬಂತು. ಓಣಿಯ ತಿರುವಿನಲ್ಲೇ ನಿಂತು ಹಿಂದುಮುಂದು ನೋಡಿದೆ. ಚುಕ್ಕಿ ಇದೆ. ಅದೇ ಲೆನ್ಸು. ಉಂಗುರ ಬೆಣ್ಣೆಯ ಹಾಗೆ ತಿರುಗುತ್ತಿದೆ. ಹಣ ಕೊಡಹೋದರೆ, "ಮಾರಿದ್ದು ನಾನು, ಬಿಗಿ ಇದ್ದದ್ದೂ ನನ್ನ ತಪ್ಪು" ಎಂದು ತೆಗೆದುಕೊಳ್ಳಲಿಲ್ಲ.

ಸಂತೋಷವಾಗಬೇಕಿತ್ತು. ಬಲೆಗೆ ಏನೂ ಬೀಳದ ಬೆಸ್ತನ ಹಾಗೆ ಮನೆಗೆ ಬಂದೆ.

ರೀಲು ಹಾಕಿದ್ದೇನೆ. ಕ್ಯಾಮೆರಾವನ್ನು ಬೀರುವಿನಲ್ಲಿ ಸ್ವೆಟರುಗಳ ಕೆಳಗಿಟ್ಟಿದ್ದೇನೆ. ಅಕ್ಕನ ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು.

ಮಾರ್ಚ್ 22, ಶನಿವಾರ

ಸಿಕ್ಕಿಬಿದ್ದ.

ಸ್ಟೇಷನ್ ರಸ್ತೆಯ ಸ್ಟುಡಿಯೋದವನು ರೀಲು ತೊಳೆದು ಚಿತ್ರ ಕೊಟ್ಟ. ನಾನು ಸುಮ್ಮನೆ ತೆಗೆದ ಫೋಟೋಗಳಲ್ಲ ಅವು. ಕಿಂಡಿಯನ್ನು ಪೂರ್ತಿ ತೆರೆದು, ಸ್ಟ್ಯಾಂಡಿನ ಮೇಲಿಟ್ಟು, ಔಷಧಿ ಅಂಗಡಿಯ ಉದ್ದನೆಯ ಬೋರ್ಡು, ಇಟ್ಟಿಗೆ ಗೋಡೆ, ಅಂಚೆಪೆಟ್ಟಿಗೆಗಳ ಸಾಲು ತೆಗೆದಿದ್ದೆ. ಪ್ರತಿಯೊಂದರಲ್ಲೂ ಎಡಗಡೆ ಅಕ್ಷರ ಕತ್ತರಿಸಿಟ್ಟ ಹಾಗಿದೆ. ಬಲಗಡೆಗೆ ಹೋಗುತ್ತಾ ಹೋಗುತ್ತಾ ಮಂಜು. ಬೋರ್ಡಿನ ಕೊನೆಯ ನಾಲ್ಕು ಅಕ್ಷರ ಒದ್ದೆ ಬಟ್ಟೆಯಿಂದ ಒರೆಸಿದಂತಿವೆ. ಹದಿನೇಳು ಚಿತ್ರ, ಹದಿನೇಳರಲ್ಲೂ ಅದೇ ದೋಷ.

ನನ್ನ ಸಂಶಯ ಸುಳ್ಳಾಗಲಿಲ್ಲ. ಚೀಟಿ ಬರೆದುಕೊಟ್ಟು ಕಣ್ಣಿಗೆ ಮಣ್ಣೆರಚಿ, ಓರೆ ಲೆನ್ಸ್ ಮಾರಿದ್ದಾನೆ. ಇನ್ನು ಅಕ್ಕನ ಮುಂದೆ ಹದಿನೇಳು ಸಾಕ್ಷಿ ಹರಡಿದರೆ ಸಾಕು. ಆದರೆ ಅದಕ್ಕೂ ಮೊದಲು ಅವನ ಬಾಯಿಂದಲೇ ಹೇಳಿಕೆ ಪಡೆಯಬೇಕು. ಅದು ಕ್ರಮ.

ಹದಿನೆಂಟನೆಯದು ಬೀದಿಯಿಂದ ತೆಗೆದದ್ದು. ಅಕ್ಕ ಬಾಲ್ಕನಿಯಲ್ಲಿ ಕಟಕಟೆಗೆ ಒರಗಿ ಯಾವುದೋ ಕಾಗದ ಓದುತ್ತಿದ್ದಾಳೆ. ಅವಳು ಎಡಗಡೆ ಇರುವುದರಿಂದ ಚೆನ್ನಾಗಿ ಬಂದಿದ್ದಾಳೆ. ಇದು ಸಾಕ್ಷಿಯ ಪೈಕಿ ಬರುವುದಿಲ್ಲ. ಬೇರೆ ಇಟ್ಟಿದ್ದೇನೆ.

ಮಾರ್ಚ್ 24, ಸೋಮವಾರ

ಹೇಗೆ ಬರೆಯುವುದೋ ಗೊತ್ತಿಲ್ಲ. ನಡೆದ ಹಾಗೆ ಬರೆಯುತ್ತೇನೆ.

ಹದಿನೇಳೂ ಚಿತ್ರಗಳನ್ನು ಇಸ್ಪೀಟಿನ ಎಲೆಯ ಹಾಗೆ ಅವನ ಮುಂದೆ ಹರಡಿದೆ. "ಇದೇನು?" ಎಂದೆ, ಇಲಾಖೆಯ ದನಿಯಲ್ಲಿ.

ವಾದ ಮಾಡುತ್ತಾನೆ ಎಂದುಕೊಂಡಿದ್ದೆ. ಅವನು ಒಂದೊಂದನ್ನೇ ಎತ್ತಿ ನೋಡಿದ. ಲೆನ್ಸ್ ಬಿಚ್ಚಿ ಮಗುಚಿದ. ಉಂಗುರದ ಮೇಲೆ ಉಗುರು ಎಳೆದ. ಒಂದು ಕಡೆ ಉಗುರು ತಡೆಯಿತು. ಹಣೆಯ ಗಾಜನ್ನು ಕಣ್ಣಿಗಿಳಿಸಿದ.

"ಇಲ್ಲೊಂದು ಗುಂಡಿ ಬಿದ್ದಿದೆ ಸಾರ್. ಗುಂಡಿ ಬಿದ್ದಾಗ ಸುತ್ತ ಅಂಚು ಏಳುತ್ತೆ. ಕೂದಲಿನ ಕಾಲುಭಾಗ. ಅಷ್ಟು ಸಾಕು, ಲೆನ್ಸ್ ಬಾಡಿಗೆ ನೆಟ್ಟಗೆ ಕೂರಲ್ಲ, ಒಂದು ಕಡೆ ಎತ್ತಿಕೊಳ್ಳುತ್ತೆ."

ತೂಕದ ಹಿತ್ತಾಳೆ ಬಟ್ಟಿಗೆ ಮುದ್ರೆ ಹೊಡೆದರೆ ಅಂಚು ಏಳುತ್ತದೆ, ಅದಕ್ಕೇ ಅದರ ಹೊಟ್ಟೆಯಲ್ಲಿ ಸೀಸದ ಬಿಲ್ಲೆ ಇಟ್ಟು ಸೀಸದ ಮೇಲೇ ಹೊಡೆಯುವುದು. ಈ ಮಾತನ್ನು ನಾನೇ ಎಷ್ಟು ಜನ ಹೊಸಬರಿಗೆ ಹೇಳಿಕೊಟ್ಟಿದ್ದೇನೆ.

ಅವನು ಇನ್ನೂ ನೋಡುತ್ತಲೇ ಇದ್ದ. ಆಮೇಲೆ ಗಾಜು ಮೇಲಕ್ಕೆತ್ತಿದ.

"ಇದು ನಾನೇ ಮಾಡಿದ್ದು. ಕಿಂಡಿಯ ಉಂಗುರ ಸರಿಮಾಡೋಕೆ ಈ ಸ್ಕ್ರೂಗಳನ್ನೇ ಬಿಚ್ಚಿದ್ದೆ. ಸ್ಕ್ರೂಡ್ರೈವರ್ ಜಾರಿದೆ. ಜಾರಿದ್ದು ನನಗೆ ಗೊತ್ತೇ ಆಗಿಲ್ಲ." ತನ್ನ ಬಲಗೈಯನ್ನು ಮುಂದಕ್ಕೆ ಚಾಚಿ ನೋಡಿಕೊಂಡ. "ನಲವತ್ತು ವರ್ಷದಲ್ಲಿ ಇಂಥದ್ದು ಆಗಿರ್ಲಿಲ್ಲ. ಕ್ಷಮಿಸಿ ಸಾರ್. ಲೆನ್ಸ್ ಬಿಟ್ಟುಹೋಗಿ. ಸರಿಯಾದ್ರೆ ಸರಿ, ಇಲ್ಲಾಂದ್ರೆ ಹಣ ವಾಪಸ್ ಕೊಡ್ತೀನಿ."

ನಾನು ಬಾಯಿ ತೆರೆಯಬೇಕಿತ್ತು. ತೆರೆದೆ ಕೂಡ. "ಆಯ್ತು, ನಿಧಾನಕ್ಕೆ ಮಾಡಿ" ಎಂಬ ಮಾತು ಬಂತು.

ಮಾರ್ಚ್ 25, ಮಂಗಳವಾರ

ಅವನು ಜಾಣನಾಗಿದ್ದರೆ ಚುಕ್ಕಿ ನೋಡಿ ಅದು ಪಂಚಿನದು ಎಂದು ತಿಳಿಯಬೇಕಿತ್ತು. ತಿಳಿಯದಿದ್ದುದು ಅವನ ದೋಷ.

ಇದನ್ನು ಬರೆದ ಮೇಲೆ ಎರಡು ಸಲ ಓದಿದೆ. ಚೆನ್ನಾಗಿ ಕೂರುತ್ತಿಲ್ಲ.

ಮಾರ್ಚ್ 30, ಭಾನುವಾರ

ನಾಲ್ಕು ದಿನದಿಂದ ಅಕ್ಕ ಗುನುಗುತ್ತಿಲ್ಲ. ಬೆಳಿಗ್ಗೆ ಮೊಟ್ಟೆ ಬೇಯಿಸಲು ಇಟ್ಟು ಮರೆತಳು. ನೀರು ಇಂಗಿ ಪಾತ್ರೆ ಸೀದಿತು.

"ಏನಾಯ್ತೇ?"

"ನಿನಗೆ ಖುಷಿಯಾಗೋ ಸುದ್ದಿ. ನೋಂದಣಿ ಬೇಡ ಅಂತಿದ್ದಾರೆ."

ಮೂರು ವಾರ ಇದನ್ನೇ ಬಯಸಿದ್ದೆ. ಯಾಕೆ ಎಂದು ಕೇಳಿದೆ, ಯಾಕೆಂದು ಗೊತ್ತಿದ್ದೂ.

"ಯಾರದೋ ಲೆನ್ಸ್ ಹಾಳು ಮಾಡಿಬಿಟ್ರಂತೆ. ಕೈ ಜಾರಿದ್ದೇ ಗೊತ್ತಾಗ್ಲಿಲ್ಲವಂತೆ. ಅವ್ರ ಅಪ್ಪನಿಗೂ ಹೀಗೇ ಶುರುವಾಗಿದ್ದು. ಮೊದ್ಲು ಕೈ, ಆಮೇಲೆ ಕಾಲು, ಆಮೇಲೆ ಒಂಬತ್ತು ವರ್ಷ ಹಾಸಿಗೆ. ಅಮ್ಮ ಆ ಒಂಬತ್ತು ವರ್ಷ ಹೇಗೆ ಕಳೆದಳು ಅಂತ ನಾನು ನೋಡಿದ್ದೀನಿ, ನಿನ್ನನ್ನ ಅಲ್ಲಿ ಕೂರಿಸಲ್ಲ ಅಂತಾರೆ."

"ಡಾಕ್ಟರಿಗೆ ತೋರಿಸ್ಲಿ."

"ತೋರಿಸಿದ್ರು. ಏನೂ ಕಾಣಲ್ಲ ಅಂದ್ರು ಡಾಕ್ಟ್ರು. ಅಪ್ಪನಿಗೂ ಮೊದಲ ವರ್ಷ ಹಾಗೇ ಅಂದಿದ್ರಂತೆ." ಅವಳು ಸೀದ ಪಾತ್ರೆಯನ್ನು ಉಜ್ಜುತ್ತಲೇ ಇದ್ದಳು. "ಕೈ ನಡುಗಿದ್ರೆ ನಡುಗ್ಲಿ ಬಿಡು ಅಂದೆ. ಕೇಳಲ್ಲ. ಅಂಗಡೀನೂ ಮುಚ್ತೀನಿ ಅಂತಾರೆ. ಇರೋ ಲೆನ್ಸೆಲ್ಲ ಹೊರಗೆ ತೆಗೆದು ಯಾವುದಕ್ಕೆ ಏನ್ ಮಾಡಿಟ್ಟಿದ್ದೀನೋ ಅಂತ ಒಂದೊಂದೇ ನೋಡ್ತಾ ಕೂತಿದ್ದಾರೆ."

ನಾನು ಪಾತ್ರೆ ಇಸಿದುಕೊಂಡು ಉಜ್ಜಿದೆ. ಸೀದದ್ದು ಬಿಡಲಿಲ್ಲ.

ಏಪ್ರಿಲ್ 1, ಮಂಗಳವಾರ

ಯೋಚಿಸಿ ನೋಡಿದರೆ ಒಳ್ಳೆಯದೇ ಆಯಿತು. ಅಕ್ಕ ಮನೆಯಲ್ಲೇ ಇರುತ್ತಾಳೆ. ಎಲ್ಲ ಮೊದಲಿನ ಹಾಗೆ. ಯಾರಿಗೂ ಏನೂ ಗೊತ್ತಾಗುವುದಿಲ್ಲ.

ಏಪ್ರಿಲ್ 2, ಬುಧವಾರ

ಎಲ್ಲ ಮೊದಲಿನ ಹಾಗೆ ಇಲ್ಲ. ಊಟದ ಮೇಜಿನಲ್ಲಿ ಒಬ್ಬಳು ಕೂತಿದ್ದಾಳೆ, ಅಕ್ಕನ ಸೀರೆ ಉಟ್ಟುಕೊಂಡಿದ್ದಾಳೆ, ಉಪ್ಪು ಕೊಡು ಎಂದರೆ ಕೊಡುತ್ತಾಳೆ. ಬೈಯುವುದಿಲ್ಲ.

ಏಪ್ರಿಲ್ 4, ಶುಕ್ರವಾರ

ಪಂಚು ಜೇಬಿಗೆ ಹಾಕಿಕೊಂಡು ಹೋದೆ. ಓಣಿಯನ್ನು ಮೂರು ಸಲ ದಾಟಿದೆ. ನಾಲ್ಕನೆಯ ಸಲ ಒಳಗೆ ಹೋದೆ.

ಹಸಿರು ಬಟ್ಟೆ ಕಾಣದಷ್ಟು ಲೆನ್ಸುಗಳು, ಒಂದೊಂದಕ್ಕೂ ದಾರದಲ್ಲಿ ಚೀಟಿ ಕಟ್ಟಿದೆ. ಅವರು ಯಾವುದನ್ನೂ ಮುಟ್ಟದೆ ಕೂತಿದ್ದರು. ಬಿಳಿ ಹಾಳೆಯೊಂದರ ಮೇಲೆ ಬಲಗೈ ಚಾಚಿಕೊಂಡು, ಬೆರಳುಗಳನ್ನೇ ನೋಡುತ್ತಿದ್ದರು. ನನ್ನನ್ನು ಕಂಡು ಕೈ ಹಿಂದಕ್ಕೆ ತೆಗೆದುಕೊಂಡರು.

"ನಿಮ್ಮ ಲೆನ್ಸ್ ಇನ್ನೂ ಮುಟ್ಟಿಲ್ಲ ಸಾರ್. ಧೈರ್ಯ ಬರ್ತಿಲ್ಲ."

ಪಂಚನ್ನು ಅವರ ಮುಂದಿಟ್ಟೆ.

"ಇದೇನು?"

"ಆ ಚುಕ್ಕಿ ಇದರದು. ಮಾರ್ಚ್ ಹನ್ನೆರಡು, ಮಧ್ಯಾಹ್ನ ಮೂರು ಗಂಟೆ. ನಮ್ಮ ಅಡುಗೆಮನೆ ಮೇಜಿನ ಮೇಲೆ."

ಅವರು ಲೆನ್ಸ್ ಹುಡುಕಿ ತೆಗೆದು, ಗಾಜು ಕಣ್ಣಿಗಿಳಿಸಿ, ಪಂಚಿನ ತುದಿಯನ್ನು ಗುಂಡಿಯೊಳಗೆ ಇಟ್ಟು ನೋಡಿದರು. ಅಳತೆ ಮಾಡಿ ಮಾಡಿಸಿದ ಹಾಗೆ ಕೂತಿತು.

"ಯಾಕೆ?"

"ನೀವು ಲೆನ್ಸ್ ಬದಲಾಯಿಸಿಬಿಡ್ತೀರೇನೋ ಅಂತ."

"ಬದಲಾಯಿಸಿದ್ನಾ?"

"ಇಲ್ಲ."

"ಅವತ್ತೇ ಯಾಕೆ ಹೇಳ್ಲಿಲ್ಲ? ಇಲ್ಲೇ ನಿಂತಿದ್ರಿ. ನನ್ನ ಕೈ ಜಾರ್ತು ಅಂತ ನಾನು ಹೇಳ್ತಾ ಇದ್ದೆ. ನೀವು ನೋಡ್ತಾ ನಿಂತಿದ್ರಿ."

ಮೂವತ್ತೊಂದು ವರ್ಷದಲ್ಲಿ ಸಿಕ್ಕಿಬಿದ್ದವರೆಲ್ಲ ಏನಾದರೊಂದು ಹೇಳಿಕೆ ಕೊಟ್ಟಿದ್ದಾರೆ. ಗಾಳಿಗೆ ಮುಳ್ಳು ಸರಿಯಿತು, ಹೆಂಡತಿಗೆ ಹುಷಾರಿಲ್ಲ, ತಕ್ಕಡಿ ಭಾವಮೈದುನನದು. ನನಗೆ ಒಂದೂ ಬರಲಿಲ್ಲ.

"ನಾನು ಅವಳ ತಮ್ಮ" ಎಂದೆ.

ಅವರು ಎದ್ದು ನಿಂತರು. ಅವರು ಎದ್ದು ನಿಂತದ್ದನ್ನು ನಾನು ನೋಡಿದ್ದು ಇದೇ ಮೊದಲು. ನನಗಿಂತ ಎತ್ತರ.

"ಹನ್ನೊಂದು ದಿನ," ಎಂದರು. ದನಿ ಏರಲಿಲ್ಲ. "ಹನ್ನೊಂದು ದಿನ ಈ ಕೈಯನ್ನ ನಾನು ನಂಬಲಿಲ್ಲ. ಚಮಚ ಎತ್ತಿದ್ರೂ ನೋಡ್ಕೋತಿದ್ದೆ. ಅವಳ ಕೈ ಹಿಡ್ಕೊಂಡ್ರೆ ನಡುಗುತ್ತೇನೋ ಅಂತ ಅದನ್ನೂ ಬಿಟ್ಟೆ. ಹೊರಡಿ."

"ನಾನು..."

"ಹೊರಡಿ ಅಂದೆ."

ಹೊರಟೆ. ಓಣಿಯ ಆಚೆ ಬದಿಯಿಂದ ತಿರುಗಿ ನೋಡಿದಾಗ ಅವರು ಮತ್ತೆ ಕೂತಿದ್ದರು. ಸಣ್ಣ ಸ್ಕ್ರೂ ಒಂದನ್ನು ಚಿಮಟದಲ್ಲಿ ಎತ್ತಿ ಹಿಡಿದಿದ್ದರು. ಹಿಡಿದೇ ಇದ್ದರು.

ಏಪ್ರಿಲ್ 6, ಭಾನುವಾರ

ಅಕ್ಕ ಹೊರಗಿನಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು. "ತಾರೀಕು ಹಾಗೇ ಇದೆ ಅಂತೆ. ಕೈಗೆ ಏನೂ ಆಗಿಲ್ವಂತೆ. ಹೇಗೆ ಗೊತ್ತಾಯ್ತು ಅಂದ್ರೆ ಹೇಳಲ್ಲ, ಸುಮ್ನೆ ಗೊತ್ತಾಯ್ತು ಅಂತಾರೆ."

ಆಮೇಲೆ ಕೈಚೀಲದಿಂದ ಒಂದು ಪೊಟ್ಟಣ ತೆಗೆದಳು. "ಇದನ್ನ ನಿನಗೆ ಕೊಡೋಕೆ ಹೇಳಿದ್ರು. ನಿನಗೆ ಅವ್ರು ಹೇಗೆ ಗೊತ್ತು?"

"ಆಮೇಲೆ ಹೇಳ್ತೀನಿ."

ಪೊಟ್ಟಣದಲ್ಲಿ ಲೆನ್ಸು, ಪಂಚು, ಒಂದು ಚೀಟಿ. "ಅಂಚು ತೆಗೆದಿದ್ದೇನೆ. ಗುಂಡಿ ಹಾಗೇ ಇದೆ. ಫೋಟೋಗೆ ತೊಂದರೆ ಇಲ್ಲ."

ನನ್ನ ಹೆಸರಿಗೆ ಮಸಿ ಬಳಿಯಲು ಇದಕ್ಕಿಂತ ಒಳ್ಳೆಯ ಅವಕಾಶ ಅವರಿಗೆ ಸಿಗುತ್ತಿರಲಿಲ್ಲ. ಅಕ್ಕನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಿಲ್ಲ. ಇದರಲ್ಲಿ ಅವರಿಗೇನು ಲಾಭ? ಮಧ್ಯಾಹ್ನದಿಂದ ಯೋಚಿಸುತ್ತಿದ್ದೇನೆ. ನನ್ನನ್ನು ಮುಷ್ಟಿಯಲ್ಲಿಟ್ಟುಕೊಳ್ಳಲು ಇರಬಹುದು. ಹಾಗಿದ್ದರೆ ಪಂಚನ್ನು ವಾಪಸ್ ಕಳಿಸುತ್ತಿರಲಿಲ್ಲ, ಇಟ್ಟುಕೊಳ್ಳುತ್ತಿದ್ದರು. ಅಕ್ಕನಿಗೆ ನೋವಾಗದಿರಲಿ ಎಂದು ಇರಬಹುದು. ಬೇರೆ ಕಾರಣ ಇದ್ದೇ ಇರಬೇಕು. ಸಿಕ್ಕಿದರೆ ಬರೆಯುತ್ತೇನೆ.

ಏಪ್ರಿಲ್ 11, ಶುಕ್ರವಾರ

ನೋಂದಣಿ ಕಚೇರಿಗೆ ಹನ್ನೊಂದಕ್ಕೆ ಹೋದರೆ ಸರದಿ ಬಂದದ್ದು ಒಂದೂಕಾಲಿಗೆ. ಗುಮಾಸ್ತ ಮೂರು ಹಾಳೆಯ ಅರ್ಜಿ ತಳ್ಳಿ, ಗುರುತು ಮಾಡಿದಲ್ಲಿ ಸಹಿ ಹಾಕಿ ಎಂದ. ನರ್ಸ್ ಹಾಕಿದರು. ನಾನು ಓದತೊಡಗಿದೆ.

"ಎಲ್ರೂ ಓದದೇ ಹಾಕ್ತಾರೆ ಸಾರ್."

"ಎಲ್ರೂ ಹಾಕ್ಲಿ."

ಎರಡನೇ ಹಾಳೆಯಲ್ಲಿ ವರನ ವಯಸ್ಸು ನಲವತ್ತಾರು ಎಂದಿತ್ತು. ಬೆರಳಿಟ್ಟು ತೋರಿಸಿದೆ.

"ಹದಿನೆಂಟು ವರ್ಷ ಚಿಕ್ಕವರಾದ್ರೆ ನಷ್ಟ ಏನು ಸಾರ್?" ಎಂದ ಗುಮಾಸ್ತ.

"ಬಿಡೋ, ನನಗೆ ಆ ವಯಸ್ಸೇ ಚೆನ್ನಾಗಿದೆ" ಎಂದಳು ಅಕ್ಕ.

"ಹುಟ್ಟಿದ ದಾಖಲೆಗೂ ಇದಕ್ಕೂ ತಾಳೆ ಆಗಲ್ಲ. ನಾಳೆ ಯಾರಾದ್ರೂ ಈ ಮದುವೇನೇ ಸುಳ್ಳು ಅಂದ್ರೆ? ಹೊಸದಾಗಿ ಮಾಡಿ" ಎಂದೆ. ಗುಮಾಸ್ತ ಗೊಣಗಿಕೊಂಡು ಹೊಸ ಹಾಳೆ ತೆಗೆದ. ಭಾವ ನನ್ನ ಕಡೆ ನೋಡಿದರು. ಅವತ್ತಿನಿಂದ ಮೊದಲ ಸಲ. ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ತೆಗೆದು ಕೆಳಗಿಟ್ಟರು. ಕೂತೆ.

ಹಾಳೆ ಬಂತು. ಪೆನ್ನು ಹಿಡಿದೆ. ಸಹಿ ಆಗಲಿಲ್ಲ. ತೂಕದಲ್ಲಿ ಕಡಿಮೆ ಇರುವುದಕ್ಕೆ ಸಹಿ ಹಾಕುವುದು ನನಗೆ ಬರುವುದಿಲ್ಲ.

"ಅಕ್ಕ, ಅವರ ಕೈ ಜಾರಿರಲಿಲ್ಲ. ಆ ಲೆನ್ಸಿಗೆ ಗುಂಡಿ ಹೊಡೆದದ್ದು ನಾನು. ಇವರನ್ನ ಪರೀಕ್ಷೆ ಮಾಡೋಕೆ. ಗೊತ್ತಾದ ಮೇಲೂ ಹನ್ನೊಂದು ದಿನ ಬಾಯಿ ಮುಚ್ಕೊಂಡಿದ್ದೆ."

ನರ್ಸ್ ಕಿಟಕಿಯ ಕಡೆ ತಿರುಗಿದರು. ಗುಮಾಸ್ತನೂ ಬರೆಯುವುದನ್ನು ನಿಲ್ಲಿಸಿದ. ಅಕ್ಕ ನನ್ನನ್ನು ನೋಡಿದಳು, ಭಾವನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಕಣ್ಣು ಕೆಂಪಾಗಿದ್ದವು.

"ಹಾಕೋ ಸಹಿ," ಎಂದಳು. "ಇಲ್ಲಿ ಬೈದ್ರೆ ಚೆನ್ನಾಗಿರಲ್ಲ."

ಹಾಕಿದೆ. ಹೊರಗೆ ಮೆಟ್ಟಿಲ ಮೇಲೆ ಇಬ್ಬರನ್ನೂ ನಿಲ್ಲಿಸಿ ಒಂದು ಫೋಟೋ ತೆಗೆದೆ. ಗುಂಡಿ ಒತ್ತುವ ಮೊದಲು ಭಾವ ನನ್ನ ಕೈಯಿಂದ ಕ್ಯಾಮೆರಾ ಇಸಿದುಕೊಂಡು, ಕಿಂಡಿಯನ್ನು ಎರಡು ಹೆಜ್ಜೆ ಚಿಕ್ಕದು ಮಾಡಿ ವಾಪಸ್ ಕೊಟ್ಟರು. ಅವರು ಮಾಡಿದ್ದು ಸರಿಯೋ ಎಂದು ನಾನು ತಿರುಗಿಸಿ ನೋಡಲಿಲ್ಲ.

ಅಕ್ಕನ ಸಾಮಾನು ಎರಡೇ ಪೆಟ್ಟಿಗೆ. ಆಟೋ ಹತ್ತುವಾಗ ಹೇಳಿದಳು. "ಭಾನುವಾರ ಇಬ್ರೂ ಬರ್ತೀವಿ. ಸ್ಟುಡಿಯೋದವನಿಗೆ ಕೊಡ್ಬೇಡ ಆ ರೀಲು, ನಾನೇ ತೊಳೀತೀನಿ. ನಿನಗೆ ಬೈಯೋದೂ ಅವತ್ತೇ. ಬಹಳ ಇದೆ, ತಿಂಡಿ ತಿಂದು ಕೂತಿರು."

ಅವರು ಹೋದ ಮೇಲೆ ರೀಲು ತೊಳೆಯಲು ಬಚ್ಚಲುಮನೆಯನ್ನು ಕತ್ತಲೆ ಮಾಡುವ ಕೆಲಸ ಹಿಡಿದೆ. ಕಿಟಕಿಗೆ ಕಪ್ಪು ಬಟ್ಟೆ ಎರಡು ಸುತ್ತು ಹೊಡೆದೆ. ಬಾಗಿಲ ಕೆಳಗಿನ ಸಂದಿಯಿಂದ ಬೆಳಕು ಬರುತ್ತಿತ್ತು, ಟವೆಲ್ ತುರುಕಿದೆ. ಒಳಗೆ ನಿಂತು ಹತ್ತು ನಿಮಿಷ ನೋಡಿದೆ. ಎಲ್ಲಿಂದಲೂ ಬರುತ್ತಿಲ್ಲ. ಆದರೂ ನಾಳೆ ಬಿಸಿಲೇರಿದ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು.

ಟೇಪು ತಂದು ಒಳಗಿನ ಜಾಗವನ್ನೂ ಅಳೆದೆ. ಬಕೆಟ್ಟನ್ನು ಹೊರಗಿಟ್ಟರೆ ಮೂವರು ನಿಲ್ಲಬಹುದು. ಭುಜಕ್ಕೆ ಭುಜ ತಾಗುತ್ತದೆ, ಅಷ್ಟೆ.